ಎಕ್ಸ್11 ಇಲ್ಲದೆ ಗ್ರಾಫಿಕಲ್ ತಂತ್ರಾಂಶ ಕಂಪೈಲ್ ಮಾಡುವುದು ಹೇಗೆ: ವೇಲ್ಯಾಂಡ್ ಮಾತ್ರ ಇರುವ ಲಿನಕ್ಸ್‌ಗೆ ಸಮಗ್ರ ಮಾರ್ಗದರ್ಶಿ

ಲಿನಕ್ಸ್‌ನಲ್ಲಿ ಪ್ರೋಗ್ರಾಮ್‌ಗಳ ಕಿಟಕಿಗಳನ್ನು ಪರದೆಗೆ ತರುವ ಹಳೆಯ ವ್ಯವಸ್ಥೆ ಎಕ್ಸ್11, ಅದರ ಜಾಗಕ್ಕೆ ಬಂದ ಹೊಸದು ವೇಲ್ಯಾಂಡ್. ಒಂದು ಗ್ರಾಫಿಕಲ್ ಪ್ರೋಗ್ರಾಮನ್ನು ಎಕ್ಸ್11 ಇಲ್ಲದೆ ಕಟ್ಟಬೇಕು, ಅಂದರೆ ಕಂಪೈಲ್ ಮಾಡಬೇಕು ಅಂದರೆ ಎಲ್ಲರೂ ಮೊದಲು ಹುಡುಕುವುದು ಅದನ್ನು ಆಫ್ ಮಾಡುವ ಆಯ್ಕೆಯನ್ನು. ಆಯ್ಕೆ ಸಿಗುತ್ತದೆ, ಆಫ್ ಮಾಡುತ್ತೇವೆ, ಕಂಪೈಲ್ ಕೂಡ ಆಗುತ್ತದೆ. ಆದರೆ ಹೊರಬಂದ ಬೈನರಿಯನ್ನು (ಓಡುವ ಫೈಲನ್ನು) ಬಿಚ್ಚಿ ನೋಡಿದರೆ ಎಕ್ಸ್‌ನ ಲೈಬ್ರರಿ ಲಿಬ್‌ಎಕ್ಸ್11 ಅಲ್ಲೇ ಕೂತಿರುತ್ತದೆ. ಕಾರಣ ಸರಳ. ಲೈಬ್ರರಿ ಕಂಪ್ಯೂಟರಿನಲ್ಲಿ ಇರುವವರೆಗೂ ಯಾವುದೋ ಒಂದು ಬಿಲ್ಡ್ ಸ್ಕ್ರಿಪ್ಟ್ ಅದನ್ನು ಹುಡುಕಿ ತಂದು ಸೇರಿಸುತ್ತದೆ. ಹಾಗಾಗಿ ಎಕ್ಸ್ ಬೇಡ ಅಂತ ಹೇಳಿದರೆ ಸಾಲದು. ಎಕ್ಸ್ ಇಲ್ಲವೇ ಇಲ್ಲ ಅನ್ನುವ ಜಾಗದಲ್ಲಿ ಕಟ್ಟಬೇಕು. ಈ ಬರಹದ ಎಲ್ಲ ಹೆಜ್ಜೆಗಳೂ ಇದೊಂದು ಮಾತಿನಿಂದಲೇ ಹುಟ್ಟಿದವು.

ಆಯ್ಕೆಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಹೈಫನ್ ಯಾವುದು, ಅಂಡರ್‌ಸ್ಕೋರ್ ಯಾವುದು ಅಂತ ಆಯಾ ಯೋಜನೆಯ ಆಯ್ಕೆ ಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ.

ಇಷ್ಟೆಲ್ಲ ಯಾಕೆ?

ಎಕ್ಸ್ ವಿಂಡೋ ಸಿಸ್ಟಮ್ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಅದರ ಹನ್ನೊಂದನೇ ಆವೃತ್ತಿ ಬಂದದ್ದು 1987ರಲ್ಲಿ. ಅದೇ ಎಕ್ಸ್11. ವೇಲ್ಯಾಂಡ್ ಕೆಲಸವನ್ನು ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ 2008ರಲ್ಲಿ ಶುರು ಮಾಡಿದರು. 2012ರಲ್ಲಿ ಅದರ 1.0 ಆವೃತ್ತಿ ಹೊರಬಂತು. ಫೆಡೋರಾ 2016ರಲ್ಲೇ ಗ್ನೋಮ್ ಡೆಸ್ಕ್‌ಟಾಪ್‌ಗೆ ವೇಲ್ಯಾಂಡನ್ನು ಡಿಫಾಲ್ಟ್ ಮಾಡಿತು. 2025ರಲ್ಲಿ, ಕಿಟಕಿ ಗುಂಡಿಗಳನ್ನು ಬಿಡಿಸುವ ಲೈಬ್ರರಿ ಜಿಟಿಕೆಯ 4.18 ಆವೃತ್ತಿ ತನ್ನ ಎಕ್ಸ್11 ಬ್ಯಾಕೆಂಡ್‌ಗೆ (ಎಕ್ಸ್ ಜೊತೆ ಮಾತಾಡುವ ಭಾಗಕ್ಕೆ) 'ಇನ್ನು ಬಳಸಬೇಡಿ' ಅನ್ನುವ ಗುರುತು ಹಾಕಿತು. ಅದೇ ವರ್ಷ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಎಕ್ಸ್ ಅನ್ನು ಓಡಿಸುವ ಎಕ್ಸಾರ್ಗ್ ಸರ್ವರ್ ಇಲ್ಲ.

ಸುರಕ್ಷತೆಯ ಮಾತೂ ಇದೆ. ಸಾಮಾನ್ಯ ಎಕ್ಸ್ ಸೆಷನ್‌ನಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದಕ್ಕೆ ಹೋಗುವ ಕೀಲಿಗಳನ್ನು ಓದಬಹುದು, ಅದರ ಪರದೆಯನ್ನು ನೋಡಬಹುದು. ಕೋಡ್ ಎಷ್ಟು ಹಳೆಯದು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಎಕ್ಸ್‌ನ ಫಾಂಟ್ ಲೈಬ್ರರಿ ಲಿಬ್‌ಎಕ್ಸ್‌ಫಾಂಟ್‌ನಲ್ಲಿ 1991ರಲ್ಲಿ ಸೇರಿದ ಒಂದು ದೋಷ ಬಹಿರಂಗವಾದದ್ದು 2014ರಲ್ಲಿ. ಕಿಯೋಸ್ಕ್, ವಾಹನದ ಡಿಸ್‌ಪ್ಲೇ, ವೈದ್ಯಕೀಯ ಉಪಕರಣದಂಥ ಸಾಧನ ಮಾಡುವವರಿಗೆ ಬಳಸದ ಲೈಬ್ರರಿಗಳನ್ನು ಹೊತ್ತು, ವರ್ಷಗಟ್ಟಲೆ ಅವಕ್ಕೆ ಪ್ಯಾಚ್ ಹಾಕುತ್ತಾ ಕೂರುವುದು ಸುಮ್ನೆ ಭಾರ. ಮನೆಯ ಲ್ಯಾಪ್‌ಟಾಪ್‌ಗೆ ಇಷ್ಟು ಕಟ್ಟುನಿಟ್ಟು ಬೇಕೇಬೇಕು ಅಂತ ನಾನು ಹೇಳುವುದಿಲ್ಲ. ಅಲ್ಲಿ ಎಕ್ಸ್‌ವೇಲ್ಯಾಂಡ್ (ವೇಲ್ಯಾಂಡ್ ಒಳಗೆ ಎಕ್ಸ್ ಪ್ರೋಗ್ರಾಮ್‌ಗಳನ್ನು ಓಡಿಸುವ ಸರ್ವರ್) ಇಟ್ಟುಕೊಂಡರೆ ತೊಂದರೆಯೇನೂ ಇಲ್ಲ.

ಹೆಜ್ಜೆ 1: ಎಷ್ಟು 'ಇಲ್ಲದೆ' ಅಂತ ಮೊದಲೇ ತೀರ್ಮಾನಿಸಿ

'ಎಕ್ಸ್ ಇಲ್ಲ' ಅನ್ನುವುದಕ್ಕೆ ಮೂರು ಹಂತ ಇದೆ. ಮೊದಲನೆಯದರಲ್ಲಿ ಸ್ವತಂತ್ರ ಎಕ್ಸ್ ಸರ್ವರ್ ಇಲ್ಲ, ಆದರೆ ಹಳೆಯ ಪ್ರೋಗ್ರಾಮ್‌ಗಳಿಗಾಗಿ ಎಕ್ಸ್‌ವೇಲ್ಯಾಂಡ್ ಇದೆ. ಎರಡನೆಯದರಲ್ಲಿ ಓಡುವ ಸಿಸ್ಟಮ್‌ನಲ್ಲಿ ಲಿಬ್‌ಎಕ್ಸ್11, ಲಿಬ್‌ಎಕ್ಸ್‌ಸಿಬಿಯಂಥ ಎಕ್ಸ್ ಲೈಬ್ರರಿ ಯಾವುದೂ ಇಲ್ಲ. ಮೂರನೆಯದರಲ್ಲಿ ಕಂಪೈಲ್ ಮಾಡುವ ಜಾಗದಲ್ಲಿ ಅವುಗಳ ಹೆಡರ್ ಫೈಲುಗಳೂ (ಕಂಪೈಲ್‌ಗೆ ಬೇಕಾದ ಘೋಷಣೆಗಳ ಫೈಲುಗಳೂ) ಇಲ್ಲ. ನಾವು ಮೂರನೆಯದಕ್ಕೆ ಹೋಗೋಣ. ಅಲ್ಲಿ ಗೆದ್ದರೆ ಎರಡನೆಯದು ತಾನಾಗಿ ಸಿಗುತ್ತದೆ. ಎರಡನೆಯದನ್ನು ಮಾತ್ರ ಗುರಿ ಇಟ್ಟುಕೊಂಡರೆ ಪ್ರತಿ ಬೈನರಿಯನ್ನೂ ಕೈಯಾರೆ ಪರೀಕ್ಷಿಸುತ್ತಾ ಇರಬೇಕಾಗುತ್ತದೆ.

ಹೆಜ್ಜೆ 2: ಯಾವುದನ್ನು ತೆಗೆಯಬಾರದು ಅಂತ ತಿಳಿದುಕೊಳ್ಳಿ

ಹೆಸರಲ್ಲಿ ಎಕ್ಸ್ ಇದ್ದ ಮಾತ್ರಕ್ಕೆ ಅದು ಎಕ್ಸ್11 ಅಲ್ಲ. ಲಿಬ್‌ಎಕ್ಸ್‌ಕೆಬಿಕಾಮನ್ ವೇಲ್ಯಾಂಡ್‌ಗೆ ಬೇಕೇ ಬೇಕು. ಕೀಲಿಮಣೆಯಿಂದ ಬಂದ ಸಂಕೇತವನ್ನು ಅಕ್ಷರವಾಗಿ ಬದಲಿಸುವುದು ಅದೇ. ಅದು ಓದುವ ಮಾಹಿತಿ ಎಕ್ಸ್‌ಕೀಬೋರ್ಡ್-ಕಾನ್ಫಿಗ್ ಪ್ಯಾಕೇಜಿನಲ್ಲಿದೆ. ನಮ್ಮ ಕನ್ನಡ ಕೀಲಿಮಣೆ ವಿನ್ಯಾಸಗಳು ಇರುವುದೂ ಅಲ್ಲೇ. ಭಾರತದ 'ಇನ್' ಲೇಔಟಿನ ಒಳಗೆ 'ಕನ್' ಮತ್ತು 'ಕನ್-ಕಗಪ' ಅಂತ ಎರಡು ಬಗೆ ಇವೆ. ಎಕ್ಸ್ ತೆಗೆಯುವ ಹುರುಪಿನಲ್ಲಿ ಈ ಪ್ಯಾಕೇಜನ್ನೂ ಅಳಿಸಿದರೆ ಕನ್ನಡ ಮಾತ್ರವಲ್ಲ, ಇಂಗ್ಲಿಷ್ ಅಕ್ಷರಗಳೂ ಮೂಡುವುದಿಲ್ಲ. ಬಹಳಷ್ಟು ಕಂಪೋಸಿಟರ್‌ಗಳು (ಕಿಟಕಿಗಳನ್ನು ಜೋಡಿಸಿ ಪರದೆಗೆ ತರುವ ವೇಲ್ಯಾಂಡ್ ಸರ್ವರ್‌ಗಳು) ಆರಂಭವೇ ಆಗುವುದಿಲ್ಲ.

ಪಿಕ್ಸ್‌ಮ್ಯಾನ್, ಲಿಬ್‌ಡಿಆರ್‌ಎಂ ಕೂಡ ಎಕ್ಸ್ ಜೊತೆ ಬೆಳೆದ ಲೈಬ್ರರಿಗಳೇ. ಆದರೆ ಅವಕ್ಕೆ ಎಕ್ಸ್ ಬೇಕಿಲ್ಲ, ಅವು ಇರಲಿ. ಕರ್ಸರ್ ಥೀಮ್‌ಗಳನ್ನೂ ಬಿಡಿ. ವೇಲ್ಯಾಂಡ್-ಕರ್ಸರ್ ಓದುವುದು ಹಳೆಯ ಎಕ್ಸ್‌ಕರ್ಸರ್ ಮಾದರಿಯ ಫೈಲುಗಳನ್ನೇ.

ಹೆಜ್ಜೆ 3: ಎಕ್ಸ್ ಸುಳಿಯದ ಜಾಗ ಮಾಡಿಕೊಳ್ಳಿ

ಇಡೀ ಕೆಲಸದಲ್ಲಿ ಜಾಸ್ತಿ ಗಮನ ಬೇಡುವ ಹೆಜ್ಜೆ ಇದು. ದಿನನಿತ್ಯ ಬಳಸುವ ಡೆಸ್ಕ್‌ಟಾಪ್‌ನಲ್ಲಿ ಕಂಪೈಲ್ ಮಾಡಬೇಡಿ. ಒಂದು ಕಂಟೇನರ್ ಅಥವಾ ಕ್ರೂಟ್, ಅಂದರೆ ಉಳಿದ ಸಿಸ್ಟಮ್‌ನಿಂದ ಬೇರ್ಪಟ್ಟ ಜಾಗ ಮಾಡಿಕೊಳ್ಳಿ.

ಡೆಬಿಯನ್, ಉಬುಂಟು ಕಂಟೇನರ್‌ಗಳಲ್ಲಿ ಒಂದು ತೊಡಕಿದೆ. ಅವರು ಜಿಟಿಕೆಯನ್ನು ಎಕ್ಸ್11 ಸೇರಿಸಿಯೇ ಕಟ್ಟಿರುತ್ತಾರೆ. ಜಿಟಿಕೆ 3ರ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿದ ತಕ್ಷಣ ಲಿಬ್‌ಎಕ್ಸ್11ರ ಹೆಡರ್‌ಗಳೂ ಹಿಂದೆಯೇ ಬರುತ್ತವೆ. ಹೀಗಾಗಿ ಅಲ್ಲಿ ಕೆಳಗಿನ ಪದರದಿಂದ ಎಲ್ಲವನ್ನೂ ನೀವೇ ಬೇರೆ ಡೈರೆಕ್ಟರಿಯಲ್ಲಿ ಕಟ್ಟಿ, ಲೈಬ್ರರಿ ಹುಡುಕಿಕೊಡುವ ಪಿಕೆಜಿ-ಕಾನ್ಫಿಗ್ ಅಲ್ಲಿಗೆ ಮಾತ್ರ ನೋಡುವಂತೆ ಮಾಡಬೇಕು. ಸಾಧ್ಯ, ಆದರೆ ಕೆಲಸ ಜಾಸ್ತಿ.

ಈ ಕೆಲಸಕ್ಕೆ ನನ್ನ ಆಯ್ಕೆ ಜೆಂಟೂ, ಪ್ಯಾಕೇಜ್‌ಗಳನ್ನು ಮೂಲ ಕೋಡಿನಿಂದ ಕಟ್ಟಿಕೊಳ್ಳುವ ಲಿನಕ್ಸ್. ಅಲ್ಲಿ ಮೇಕ್.ಕಾನ್ಫ್ ಫೈಲಿನ ಯೂಸ್ ಸಾಲಿನಲ್ಲಿ 'ಮೈನಸ್ ಎಕ್ಸ್' ಮತ್ತು 'ವೇಲ್ಯಾಂಡ್' ಅಂತ ಬರೆದರೆ ಇಡೀ ಸಿಸ್ಟಮ್‌ಗೆ ಅದು ಅನ್ವಯವಾಗುತ್ತದೆ. ಎಕ್ಸ್ ದೊಡ್ಡಕ್ಷರ, ವೇಲ್ಯಾಂಡ್ ಸಣ್ಣಕ್ಷರ. ಡೆಸ್ಕ್‌ಟಾಪ್ ಪ್ರೊಫೈಲ್ ತಾನೇ ಎಕ್ಸ್ ಅನ್ನು ಆನ್ ಮಾಡುತ್ತದೆ, ಆದ್ದರಿಂದ ಈ ಮೈನಸ್ ಮರೆಯಬೇಡಿ. ಸಾಲು ಬದಲಿಸಿದ ಮೇಲೆ 'ವರ್ಲ್ಡ್' ಪಟ್ಟಿಯನ್ನು ಡೀಪ್ ಮತ್ತು ನ್ಯೂಯೂಸ್ ಆಯ್ಕೆಗಳೊಂದಿಗೆ ಮತ್ತೆ ಕಟ್ಟಿಸಿ. ಕೊನೆಗೆ, ಬೇಡವಾದ ಪ್ಯಾಕೇಜ್‌ಗಳನ್ನು ತೆಗೆಯುವ ಡೆಪ್‌ಕ್ಲೀನ್ ಓಡಿಸಿ. ಆಮೇಲೆ ಲಿಬ್‌ಎಕ್ಸ್11 ಉಳಿದಿದ್ದರೆ ಅದನ್ನು ಯಾವ ಪ್ಯಾಕೇಜ್ ಹಿಡಿದಿಟ್ಟುಕೊಂಡಿದೆ ಅಂತ ಈಕ್ವೆರಿಯ 'ಡಿಪೆಂಡ್ಸ್' ಆದೇಶ ಹೇಳುತ್ತದೆ. ಒಂದೆರಡು ಪ್ಯಾಕೇಜ್‌ಗೆ ಎಕ್ಸ್ ಬೇಕೇ ಬೇಕು ಅಂದರೆ ಪ್ಯಾಕೇಜ್.ಯೂಸ್‌ನಲ್ಲಿ ಅವಕ್ಕಷ್ಟೇ ವಿನಾಯಿತಿ ಕೊಡಬಹುದು. ಆದರೆ ಪ್ರತಿ ವಿನಾಯಿತಿಯೂ ಲಿಬ್‌ಎಕ್ಸ್11 ಅನ್ನು ಸಿಸ್ಟಮ್‌ಗೆ ವಾಪಸ್ ತರುತ್ತದೆ. ಆಗ ಮೂರನೇ ಹಂತ ಕೈತಪ್ಪಿತು ಅಂತಲೇ ಅರ್ಥ.

ಸಣ್ಣ ಸಾಧನಗಳಿಗೆ ಲಿನಕ್ಸ್ ಕಟ್ಟಲು ಯಾಕ್ಟೋ ಬಳಸುವವರು ಡಿಸ್ಟ್ರೋ-ಫೀಚರ್ಸ್‌ನಿಂದ ಎಕ್ಸ್11 ತೆಗೆದು, ವೇಲ್ಯಾಂಡ್ ಮತ್ತು ಓಪನ್‌ಜಿಎಲ್ ಸೇರಿಸಬೇಕು. ಎಕ್ಸ್ ಇಲ್ಲದೆ ಆಗದ ರೆಸಿಪಿಗಳು (ಪ್ಯಾಕೇಜ್ ಕಟ್ಟುವ ಸೂಚನೆಗಳು) ಬಹುಪಾಲು 'ಈ ಫೀಚರ್ ಬೇಕು' ಅಂತ ಘೋಷಿಸಿಕೊಂಡಿರುತ್ತವೆ. ಅವು ಶುರುವಿನಲ್ಲೇ ನಿಂತುಹೋಗುತ್ತವೆ, ಅರ್ಧ ದಾರಿಯಲ್ಲಿ ಕೈಕೊಡುವುದಿಲ್ಲ.

ಹೆಜ್ಜೆ 4: ಕೆಳಗಿನಿಂದ ಮೇಲಕ್ಕೆ ಕಟ್ಟಿ

ಮೇಲಿನ ಪ್ರೋಗ್ರಾಮ್‌ನಿಂದ ಶುರು ಮಾಡಿದರೆ ಪ್ರತಿ ತಪ್ಪೂ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಅಡಿಪಾಯದಿಂದ ಬನ್ನಿ. ಜಿಟಿಕೆ ದಾರಿಯನ್ನೇ ತೆಗೆದುಕೊಳ್ಳೋಣ.

ಮೊದಲು ಲಿಬ್‌ಎಕ್ಸ್‌ಕೆಬಿಕಾಮನ್. ಅದರ 'ಎನೇಬಲ್-ಎಕ್ಸ್11' ಅನ್ನು ಫಾಲ್ಸ್ ಮಾಡಿ.

ಆಮೇಲೆ ಗ್ರಾಫಿಕ್ಸ್ ಡ್ರೈವರ್‌ಗಳಿರುವ ಮೆಸಾ. 'ಪ್ಲಾಟ್‌ಫಾರ್ಮ್ಸ್' ಅನ್ನುವಲ್ಲಿ ವೇಲ್ಯಾಂಡ್ ಒಂದನ್ನೇ ಕೊಡಿ, 'ಜಿಎಲ್‌ಎಕ್ಸ್' ಅನ್ನು ಡಿಸೇಬಲ್ಡ್ ಮಾಡಿ. ಇಜಿಎಲ್, ಜಿಬಿಎಂ ಎರಡೂ ಆನ್ ಇರಲಿ. ಜಿಎಲ್‌ಎಕ್ಸ್ ಅನ್ನುವುದು ಓಪನ್‌ಜಿಎಲ್ ಮತ್ತು ಎಕ್ಸ್ ನಡುವಿನ ಸೇತುವೆ. ವೇಲ್ಯಾಂಡ್‌ನಲ್ಲಿ ಆ ಕೆಲಸ ಇಜಿಎಲ್‌ನದು. ಲಿಬ್‌ಜಿಎಲ್‌ವಿಎನ್‌ಡಿ ಬಳಸುತ್ತಿದ್ದರೆ ಅಲ್ಲೂ ಎಕ್ಸ್11 ಮತ್ತು ಜಿಎಲ್‌ಎಕ್ಸ್ ಎರಡನ್ನೂ ಡಿಸೇಬಲ್ಡ್ ಮಾಡಿ.

ಲಿಬ್‌ಎಪಾಕ್ಸಿಯಲ್ಲಿ 'ಎಕ್ಸ್11' ಫಾಲ್ಸ್, 'ಜಿಎಲ್‌ಎಕ್ಸ್' ನೋ. ಚಿತ್ರ ಬಿಡಿಸುವ ಕೈರೋದಲ್ಲಿ 'ಎಕ್ಸ್‌ಲಿಬ್' ಮತ್ತು 'ಎಕ್ಸ್‌ಸಿಬಿ' ಡಿಸೇಬಲ್ಡ್. ಪಠ್ಯ ಜೋಡಿಸುವ ಪ್ಯಾಂಗೋದಲ್ಲಿ 'ಎಕ್ಸ್‌ಎಫ್‌ಟಿ' ಡಿಸೇಬಲ್ಡ್. ಪ್ಯಾಂಗೋ ಹತ್ತಿರ ಬಂದಾಗ ಕೆಲವರಿಗೆ ಭಯ ಆಗುತ್ತದೆ, ಒತ್ತಕ್ಷರ ಕೆಡುತ್ತದೇನೋ ಅಂತ. ಕೆಡುವುದಿಲ್ಲ. ಕನ್ನಡದ ಒತ್ತು, ಗುಣಿತ, ಅರ್ಕಾವೊತ್ತು ಜೋಡಿಸುವುದು ಹಾರ್ಫ್‌ಬಜ್. ಫಾಂಟ್ ಹುಡುಕುವುದು ಫಾಂಟ್‌ಕಾನ್ಫಿಗ್, ಅಕ್ಷರ ಬಿಡಿಸುವುದು ಫ್ರೀಟೈಪ್. ಇದರಲ್ಲಿ ಯಾವುದಕ್ಕೂ ಎಕ್ಸ್ ಬೇಕಿಲ್ಲ.

ಕೊನೆಗೆ ಜಿಟಿಕೆ. ನಾಲ್ಕನೇ ಆವೃತ್ತಿಯಲ್ಲಿ 'ಎಕ್ಸ್11-ಬ್ಯಾಕೆಂಡ್' ಫಾಲ್ಸ್, 'ವೇಲ್ಯಾಂಡ್-ಬ್ಯಾಕೆಂಡ್' ಟ್ರೂ. ಮೂರನೇ ಆವೃತ್ತಿಯಲ್ಲೂ ಇದೇ ಹೆಸರು, ಆದರೆ ಹೈಫನ್ ಬದಲು ಅಂಡರ್‌ಸ್ಕೋರ್. ಕನಿಷ್ಠ ಒಂದು ಬ್ಯಾಕೆಂಡ್ ಆದರೂ ಆನ್ ಇರಬೇಕು.

ಜಿಟಿಕೆಯಂಥದೇ ಇನ್ನೊಂದು ಲೈಬ್ರರಿ ಕ್ಯೂಟಿ 6ರ ದಾರಿಯಲ್ಲಿ ಬಿಲ್ಡ್ ಸಾಧನ ಸೀಮೇಕ್‌ಗೆ 'ಫೀಚರ್ ಎಕ್ಸ್‌ಸಿಬಿ' ಮತ್ತು 'ಫೀಚರ್ ಎಕ್ಸ್‌ಲಿಬ್' ಎರಡನ್ನೂ ಆಫ್ ಅಂತ ಕೊಡಿ. ಡಿಫಾಲ್ಟ್ ಪ್ಲಾಟ್‌ಫಾರ್ಮ್ ಅನ್ನು ವೇಲ್ಯಾಂಡ್ ಮಾಡಿ. ಎಸ್‌ಡಿಎಲ್‌ನಲ್ಲಿ 'ಎಸ್‌ಡಿಎಲ್ ಎಕ್ಸ್11' ಆಫ್, 'ಎಸ್‌ಡಿಎಲ್ ವೇಲ್ಯಾಂಡ್' ಆನ್. ಜಿಎಲ್‌ಎಫ್‌ಡಬ್ಲ್ಯೂ 3.4ರಿಂದ ಎರಡಕ್ಕೂ ಬೇರೆಬೇರೆ 'ಬಿಲ್ಡ್' ಆಯ್ಕೆ ಇದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಎಕ್ಸ್‌ಲಿಬ್, ಲಿಬ್‌ಎಕ್ಸ್‌ಸಿಬಿ, ವಿಡಿಪಿಎಯು ಮೂರನ್ನೂ ಡಿಸೇಬಲ್ ಮಾಡಿ. ವಿಡಿಯೋಗೆ ವೇಗ ಕೊಡುವ ವಿಡಿಪಿಎಯು ಎಕ್ಸ್‌ಗೆ ಅಂಟಿಕೊಂಡಿದೆ ಅನ್ನುವುದು ಸುಲಭವಾಗಿ ಕಣ್ಣುತಪ್ಪುವ ವಿಷಯ. ಲಿಬ್‌ವಿಎಯಲ್ಲಿ 'ವಿತ್ ಎಕ್ಸ್11', 'ವಿತ್ ಜಿಎಲ್‌ಎಕ್ಸ್' ಎರಡೂ ನೋ. ವೆಬ್‌ಕಿಟ್-ಜಿಟಿಕೆಯಲ್ಲಿ 'ಎನೇಬಲ್ ಎಕ್ಸ್11 ಟಾರ್ಗೆಟ್' ಆಫ್. ಫೈರ್‌ಫಾಕ್ಸ್‌ನ ಡಿಫಾಲ್ಟ್ ಟೂಲ್‌ಕಿಟ್ ಆಯ್ಕೆಗೆ 'ಕೈರೋ-ಜಿಟಿಕೆ3-ವೇಲ್ಯಾಂಡ್-ಓನ್ಲಿ' ಅನ್ನುವ ಬೆಲೆ ಕೊಡಬಹುದು.

ಹೆಜ್ಜೆ 5: ಬಿಲ್ಡ್ ವ್ಯವಸ್ಥೆಯನ್ನು ನಂಬದೆ ಕೇಳಿ

ಮೆಸನ್ ಎಂಬ ಬಿಲ್ಡ್ ಸಾಧನದಲ್ಲಿ ಆಯ್ಕೆಗಳ ಪಟ್ಟಿ ಮೆಸನ್.ಆಪ್ಷನ್ಸ್ ಅಥವಾ ಹಳೆಯ ಹೆಸರಿನ ಮೆಸನ್_ಆಪ್ಷನ್ಸ್.ಟಿಎಕ್ಸ್‌ಟಿ ಫೈಲಿನಲ್ಲಿರುತ್ತದೆ. ಅಲ್ಲಿ 'ಆಟೋ' ಅಂತ ಇದ್ದರೆ 'ಸಿಕ್ಕರೆ ಸೇರಿಸಿಕೋ' ಅಂತ ಅರ್ಥ. ಅದನ್ನು ಹಾಗೇ ಬಿಡಬೇಡಿ, 'ಡಿಸೇಬಲ್ಡ್' ಅಂತ ಬರೆಯಿರಿ. ವೇಲ್ಯಾಂಡ್‌ಗೂ ಅಷ್ಟೇ, 'ಎನೇಬಲ್ಡ್' ಅಂತ ಬರೆಯಿರಿ. ಆಗ ಏನಾದರೂ ಕಾಣೆಯಾಗಿದ್ದರೆ ಬಿಲ್ಡ್ ಅಲ್ಲೇ ನಿಂತು ಹೇಳುತ್ತದೆ.

ಸೀಮೇಕ್‌ನಲ್ಲಿ ಯೋಜನೆಗೆ ಸ್ವಂತ ಆಯ್ಕೆ ಇಲ್ಲದಿದ್ದರೂ ಒಂದು ದಾರಿ ಇದೆ. 'ಸೀಮೇಕ್ ಡಿಸೇಬಲ್ ಫೈಂಡ್ ಪ್ಯಾಕೇಜ್ ಎಕ್ಸ್11' ಅನ್ನುವ ವೇರಿಯೇಬಲ್‌ಗೆ ಟ್ರೂ ಕೊಟ್ಟರೆ ಎಕ್ಸ್11 ಹುಡುಕುವ ಕರೆ ಸಿಗಲಿಲ್ಲ ಅಂತಲೇ ಉತ್ತರ ಪಡೆಯುತ್ತದೆ. ಕಡ್ಡಾಯ ಅಂತ ಬರೆದಿದ್ದರೆ ಮಾತ್ರ ಬಿಲ್ಡ್ ನಿಲ್ಲುತ್ತದೆ. ಆಗ ಪ್ಯಾಚ್ ಬೇಕು ಅಂತ ತಿಳಿಯಿತು.

ಆಟೋಕಾನ್ಫ್‌ನಲ್ಲಿ 'ವಿದೌಟ್-ಎಕ್ಸ್' ಕೊಡುವ ಮೊದಲು ಆ ಯೋಜನೆಯಲ್ಲಿ ಅದಕ್ಕೆ ಏನರ್ಥ ಅಂತ ಓದಿ. ಈಮ್ಯಾಕ್ಸ್ ಎಡಿಟರ್‌ನಲ್ಲಿ ಅದೊಂದನ್ನೇ ಕೊಟ್ಟರೆ ಗ್ರಾಫಿಕಲ್ ಕಿಟಕಿಯೇ ಹೋಗಿ ಟರ್ಮಿನಲ್ ಮಾತ್ರ ಉಳಿಯುತ್ತದೆ. ವೇಲ್ಯಾಂಡ್ ಕಿಟಕಿ ಬೇಕಾದವರು 2023ರಲ್ಲಿ ಬಂದ 29ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನು 'ವಿತ್-ಪಿಜಿಟಿಕೆ' ಕೊಟ್ಟು ಕಟ್ಟಬೇಕು.

ಹೆಜ್ಜೆ 6: ತಪ್ಪು ಬಂದಾಗ ಯಾವ ಬಗೆ ಅಂತ ಗುರುತಿಸಿ

ಪಿಕೆಜಿ-ಕಾನ್ಫಿಗ್ 'ಜಿಟಿಕೆ4-ಎಕ್ಸ್11' ಅಥವಾ 'ಕೈರೋ-ಎಕ್ಸ್‌ಲಿಬ್' ಸಿಗಲಿಲ್ಲ ಅಂದರೆ ತಪ್ಪು ಬಿಲ್ಡ್ ಸ್ಕ್ರಿಪ್ಟಿನದು. ಆ ಅವಲಂಬನೆಯನ್ನು ಆಯ್ಕೆಯ ಅಡಿಗೆ ತನ್ನಿ.

ಜಿಡಿಕೆಎಕ್ಸ್.ಹೆಚ್ ಅಥವಾ ಎಕ್ಸ್‌ಲಿಬ್.ಹೆಚ್ ಅನ್ನುವ ಹೆಡರ್ ಸಿಗಲಿಲ್ಲ ಅಂದರೆ ಕೋಡನ್ನೇ ನೋಡಬೇಕು. ಮೊದಲು ಆ ಹೆಡರ್‌ನಿಂದ ನಿಜವಾಗಿ ಏನು ಬಳಕೆಯಾಗಿದೆ ಅಂತ ಹುಡುಕಿ. ಏನೂ ಬಳಸದೆ ಸುಮ್ನೆ ಸೇರಿಸಿಕೊಂಡಿರುವ ಫೈಲುಗಳೂ ಇರುತ್ತವೆ. ಆಗ ಆ ಸಾಲು ಅಳಿಸಿದರೆ ಮುಗಿಯಿತು. ಬರೀ ಕೀಲಿಗಳ ಹೆಸರು ಬೇಕಾಗಿದ್ದರೆ ಲಿಬ್‌ಎಕ್ಸ್‌ಕೆಬಿಕಾಮನ್‌ನ ಕೀಸಿಮ್ಸ್ ಹೆಡರ್ ಹಾಕಿ, 'ಎಕ್ಸ್‌ಕೆ' ಅಂತ ಶುರುವಾಗುವ ಹೆಸರುಗಳನ್ನು 'ಎಕ್ಸ್‌ಕೆಬಿ ಕೀ' ಅಂತ ಬದಲಿಸಿ. ಸಂಖ್ಯೆಗಳು ಅವೇ.

ಇನ್ನೊಂದು ಬಗೆ ತುಂಬ ಗೊಂದಲ ಮಾಡುತ್ತದೆ. ಎಕ್ಸ್ ಬಗ್ಗೆ ಮಾತೇ ಇಲ್ಲದ ಫೈಲಿನಲ್ಲಿ 'ಬೂಲ್' ಗೊತ್ತಿಲ್ಲ, 'ಟ್ರೂ' ಗೊತ್ತಿಲ್ಲ, 'ನನ್' ಗೊತ್ತಿಲ್ಲ ಅಂತ ಕಂಪೈಲರ್ ದೂರುತ್ತದೆ. ದೊಡ್ಡಕ್ಷರದಿಂದ ಶುರುವಾಗುವ ಈ ಹೆಸರುಗಳೆಲ್ಲ ಎಕ್ಸ್‌ನ ಹೆಡರ್‌ಗಳಿಂದ ಬರುವ ಮ್ಯಾಕ್ರೋಗಳು. ಕೋಡ್ ಬರೆದವರಿಗೂ ತಿಳಿಯದಂತೆ ಅವು ಬಳಕೆಗೆ ಬಂದುಬಿಟ್ಟಿರುತ್ತವೆ. ಇವನ್ನು ಸಿ ಭಾಷೆಯ ಸ್ವಂತ ಬೂಲ್, ಟ್ರೂ, ಫಾಲ್ಸ್‌ಗೆ ಬದಲಿಸಿ. 'ನನ್' ಬಂದ ಕಡೆ ಅದರ ಅರ್ಥ ನೋಡಿ ಸೊನ್ನೆ ಅಥವಾ ನಲ್ ಹಾಕಿ.

ಇಜಿಎಲ್ ಸೇರಿಸಿದ ಫೈಲು ಎಕ್ಸ್‌ಲಿಬ್ ಕೇಳುತ್ತಿದೆಯೇ? ಇಜಿಎಲ್‌ನ ಪ್ಲಾಟ್‌ಫಾರ್ಮ್ ಹೆಡರ್ ಯುನಿಕ್ಸ್‌ನಲ್ಲಿ ಎಕ್ಸ್ ಇದೆ ಅಂತಲೇ ಊಹಿಸಬಹುದು. 'ಇಜಿಎಲ್ ನೋ ಎಕ್ಸ್11' ಅನ್ನುವ ಮ್ಯಾಕ್ರೋವನ್ನು ಕಂಪೈಲರ್‌ಗೆ ಕೊಟ್ಟರೆ ಊಹೆ ನಿಲ್ಲುತ್ತದೆ.

ಹೆಜ್ಜೆ 7: ಕೋಡ್ ತಿದ್ದುವಾಗ ಎರಡು ಕಾವಲು ಹಾಕಿ

ಜಿಟಿಕೆ ಪ್ರೋಗ್ರಾಮ್‌ನಲ್ಲಿ ಎಕ್ಸ್‌ಗೆ ಸೇರಿದ ಕೋಡ್ ತುಣುಕನ್ನು 'ಜಿಡಿಕೆ ವಿಂಡೋಯಿಂಗ್ ಎಕ್ಸ್11' ಅನ್ನುವ ಇಫ್‌ಡೆಫ್ (ಆ ಹೆಸರು ಇದ್ದರೆ ಮಾತ್ರ ಕಂಪೈಲ್ ಮಾಡು ಅನ್ನುವ ಷರತ್ತು) ಒಳಗೆ ಇಡಬೇಕು. ಇದು ಕಂಪೈಲ್ ಸಮಯದ ಕಾವಲು. ಅದರ ಒಳಗೆ 'ಜಿಡಿಕೆ ಈಸ್ ಎಕ್ಸ್11 ಡಿಸ್‌ಪ್ಲೇ' ಅಂತ ಕೇಳಬೇಕು. ಇದು ಓಡುವ ಸಮಯದ ಕಾವಲು. ಮೊದಲನೆಯದು ಮಾತ್ರ ಇದ್ದರೆ ಎರಡೂ ಬ್ಯಾಕೆಂಡ್ ಇರುವ ಸಿಸ್ಟಮ್‌ನಲ್ಲಿ, ವೇಲ್ಯಾಂಡ್ ಸೆಷನ್ ಒಳಗೆ ಪ್ರೋಗ್ರಾಮ್ ಕುಸಿದು ಬೀಳಬಹುದು. ಎರಡನೆಯದು ಮಾತ್ರ ಇದ್ದರೆ ನಮ್ಮ ಜಾಗದಲ್ಲಿ ಕಂಪೈಲೇ ಆಗುವುದಿಲ್ಲ. ಎರಡೂ ಬೇಕು, ಅಲ್ವಾ? ಹೆಡರ್ ಸೇರಿಸುವ ಸಾಲನ್ನೂ ಇಫ್‌ಡೆಫ್ ಒಳಗೆ ತರಲು ಮರೆಯಬೇಡಿ. ಕ್ಯೂಟಿಯಲ್ಲಿ ಮೊದಲ ಕಾವಲಿಗೆ 'ಕ್ಯೂಟಿ ಕಾನ್ಫಿಗ್' ಮ್ಯಾಕ್ರೋಗೆ ಎಕ್ಸ್‌ಸಿಬಿ ಕೊಟ್ಟು ಕೇಳಬಹುದು.

ಕಾವಲು ಹಾಕಿದ ಮೇಲೆ ಆ ಕೋಡ್ ಮಾಡುತ್ತಿದ್ದ ಕೆಲಸ ಏನಾಯಿತು ಅಂತ ಯೋಚಿಸಿ. ಪರದೆಯ ಚಿತ್ರ ತೆಗೆಯುತ್ತಿದ್ದರೆ ಅದಕ್ಕೆ ಈಗ ಎಕ್ಸ್‌ಡಿಜಿ ಡೆಸ್ಕ್‌ಟಾಪ್ ಪೋರ್ಟಲ್ (ಪ್ರೋಗ್ರಾಮ್ ಮತ್ತು ಡೆಸ್ಕ್‌ಟಾಪ್ ನಡುವಿನ ಮಧ್ಯವರ್ತಿ) ಇದೆ. ಪರದೆ ಹಂಚಿಕೆ ಪೋರ್ಟಲ್ ಜೊತೆ ಪೈಪ್‌ವೈರ್ ಮೂಲಕ ನಡೆಯುತ್ತದೆ. ಎಲ್ಲಿದ್ದರೂ ಕೆಲಸ ಮಾಡುವ ಶಾರ್ಟ್‌ಕಟ್ ಕೀಲಿಗಳಿಗೂ ಪೋರ್ಟಲ್ ಇದೆ. ಟ್ರೇ ಐಕಾನ್‌ಗೆ ಸ್ಟೇಟಸ್ ನೋಟಿಫೈಯರ್ ಐಟಂ. ಕಿಟಕಿಯನ್ನು ಪರದೆಯ ಇಂತಹದ್ದೇ ಜಾಗದಲ್ಲಿ ಇಡುವುದಕ್ಕೆ ಮಾತ್ರ ಸಾಮಾನ್ಯ ವೇಲ್ಯಾಂಡ್ ಪ್ರೋಗ್ರಾಮ್‌ಗೆ ಅನುಮತಿ ಇಲ್ಲ. ಅದು ಕಂಪೋಸಿಟರ್‌ನ ತೀರ್ಮಾನ. ಆ ಕೋಡನ್ನು ಬಿಟ್ಟುಬಿಡಿ. ಜಿಟಿಕೆ 3ರ ಸಾಕೆಟ್ ಮತ್ತು ಪ್ಲಗ್ ಬಳಸಿ ಒಂದು ಪ್ರೋಗ್ರಾಮ್ ಒಳಗೆ ಇನ್ನೊಂದನ್ನು ಕೂರಿಸಿದ್ದರೆ ಆ ಭಾಗವನ್ನು ಹೊಸದಾಗಿ ಯೋಚಿಸಿ ಬರೆಯಬೇಕು, ಇಫ್‌ಡೆಫ್‌ನಿಂದ ಆಗುವುದಿಲ್ಲ.

ಹೆಜ್ಜೆ 8: ಕನ್ನಡ ಟೈಪಿಂಗ್ ನೋಡಿಕೊಳ್ಳಿ

ಟೈಪಿಂಗ್‌ಗಿದ್ದ ಹಳೆಯ ಎಕ್ಸ್‌ಐಎಂ ವ್ಯವಸ್ಥೆ ಎಕ್ಸ್ ಜೊತೆಗೇ ಹೋಗುತ್ತದೆ. ನೇರ ಕೀಲಿಮಣೆ ವಿನ್ಯಾಸ ಬಳಸುವವರಿಗೆ ಇದರಿಂದ ವ್ಯತ್ಯಾಸವಾಗದು. ಆದರೆ ಐಬಸ್ ಅಥವಾ ಎಫ್‌ಸಿಐಟಿಎಕ್ಸ್5 ಮೂಲಕ ಲಿಪ್ಯಂತರದಲ್ಲಿ ಟೈಪ್ ಮಾಡುವವರಿಗೆ ಆಗುತ್ತದೆ. ಎಫ್‌ಸಿಐಟಿಎಕ್ಸ್5 ಅನ್ನು 'ಎನೇಬಲ್ ಎಕ್ಸ್11' ಆಫ್ ಮಾಡಿ ಕಟ್ಟಬಹುದು. ಕನ್ನಡ ವಿಧಾನಗಳು ಎಂ17ಎನ್ ಲೈಬ್ರರಿಯ ಮೂಲಕ ಬರುತ್ತವೆ. ಕಂಪೋಸಿಟರ್‌ನಲ್ಲಿ ಟೆಕ್ಸ್ಟ್-ಇನ್‌ಪುಟ್ ಪ್ರೋಟೋಕಾಲ್‌ನ ಮೂರನೇ ಆವೃತ್ತಿಯ ಬೆಂಬಲ ಇದೆಯೇ ಅಂತ ಮೊದಲೇ ನೋಡಿ. ಟರ್ಮಿನಲ್, ಬ್ರೌಸರ್, ಜಿಟಿಕೆ ಪ್ರೋಗ್ರಾಮ್ ಮೂರರಲ್ಲೂ ಬೇರೆಬೇರೆಯಾಗಿ ಟೈಪ್ ಮಾಡಿ ಪರೀಕ್ಷಿಸಿ. ಒಂದರಲ್ಲಿ ಸರಿ ಬಂದರೆ ಉಳಿದವುಗಳಲ್ಲೂ ಬರುತ್ತದೆ ಅನ್ನುವಂತಿಲ್ಲ.

ಹೆಜ್ಜೆ 9: ನಿಜವಾಗಿ ಹೋಯಿತೇ?

ರೀಡೆಲ್ಫ್‌ನ ಡೈನಾಮಿಕ್ ಆಯ್ಕೆ ಕೊಟ್ಟು ಬೈನರಿಯ 'ನೀಡೆಡ್' ಸಾಲುಗಳನ್ನು ನೋಡಿ. ಅದು ನೇರ ಅವಲಂಬನೆ ಮಾತ್ರ. ಇಡೀ ಮರ ನೋಡಲು ಎಲ್‌ಡಿಡಿಟ್ರೀ ಬಳಸಿ. ಲಿಬ್‌ಎಕ್ಸ್11 ಯಾವ ಕೊಂಬೆಯಿಂದ ಬಂತು ಅಂತ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಷ್ಟಕ್ಕೇ ನಿಲ್ಲಬೇಡಿ. ಎಸ್‌ಡಿಎಲ್‌ನಂಥ ಲೈಬ್ರರಿಗಳು ಎಕ್ಸ್ ಅನ್ನು ಲಿಂಕ್ ಮಾಡದೆ, ಓಡುವಾಗ ಡಿಎಲ್‌ಓಪನ್ ಮೂಲಕ ತೆರೆಯಬಲ್ಲವು. ಅದು ಎಲ್‌ಡಿಡಿಗೆ ಕಾಣುವುದಿಲ್ಲ. ಎಸ್‌ಟ್ರೇಸ್ ಅಡಿ ಪ್ರೋಗ್ರಾಮ್ ಓಡಿಸಿ, ತೆರೆದ ಫೈಲುಗಳ ಪಟ್ಟಿಯಲ್ಲಿ ಲಿಬ್‌ಎಕ್ಸ್ ಹುಡುಕಿ. ಡಿಸ್‌ಪ್ಲೇ ಅನ್ನುವ ಎನ್ವಿರಾನ್‌ಮೆಂಟ್ ವೇರಿಯೇಬಲ್ ತೆಗೆದುಹಾಕಿಯೂ ಓಡಿಸಿ ನೋಡಿ. ಎಕ್ಸ್‌ವೇಲ್ಯಾಂಡ್ ಇರುವ ಯಂತ್ರದಲ್ಲಿ ಕಿಟಕಿ ತೆರೆದುಕೊಂಡಿತು ಅಂದ ಮಾತ್ರಕ್ಕೆ ಅದು ವೇಲ್ಯಾಂಡ್ ಅಂತಲ್ಲ.

ಯಾವುದಕ್ಕೆ ಕೈ ಹಾಕಬಾರದು

ಜಿಟಿಕೆ 2ಕ್ಕೆ ವೇಲ್ಯಾಂಡ್ ಬ್ಯಾಕೆಂಡ್ ಇಲ್ಲ. ಮೋಟಿಫ್ ಪೂರ್ತಿ ಎಕ್ಸ್ ಮೇಲೆ ನಿಂತಿದೆ. ಲಿನಕ್ಸ್‌ನಲ್ಲಿ ಟಿಕೆ ಕೂಡ ಹಾಗೆಯೇ, ಅಂದರೆ ಪೈಥಾನ್‌ನ ಟಿಕಿಂಟರ್ ಕೂಡ. ಇವಕ್ಕೆ ಪ್ಯಾಚ್ ಬರೆಯುತ್ತಾ ಸಮಯ ಕಳೆಯಬೇಡಿ. ಬದಲಿ ಪ್ರೋಗ್ರಾಮ್ ಹುಡುಕಿ, ಇಲ್ಲವೇ ಅದೊಂದನ್ನು ಎಕ್ಸ್‌ವೇಲ್ಯಾಂಡ್ ಇರುವ ಕಂಟೇನರ್‌ನಲ್ಲಿ ಪ್ರತ್ಯೇಕವಾಗಿ ಇಡಿ. ಓಪನ್‌ಜೆಡಿಕೆ ಬೇಕಾದರೆ 'ಹೆಡ್‌ಲೆಸ್ ಓನ್ಲಿ' ಆಗಿ ಕಟ್ಟಬಹುದು, ಆಗ ಜಾವಾ ಓಡುತ್ತದೆ, ಕಿಟಕಿ ಇರುವುದಿಲ್ಲ.

ಪ್ಯಾಚನ್ನು ಮೂಲ ಯೋಜನೆಗೆ ಕಳಿಸಿ

ನಿಮ್ಮ ತಿದ್ದುಪಡಿ ನಿಮ್ಮ ಬಳಿಯೇ ಉಳಿದರೆ ಪ್ರತಿ ಆವೃತ್ತಿಗೂ ಅದನ್ನು ಮತ್ತೆ ಹಚ್ಚುತ್ತಾ ಇರಬೇಕು. ಕಳಿಸುವಾಗ ಎಕ್ಸ್ ಕೋಡನ್ನು ಅಳಿಸಬೇಡಿ, ಆಯ್ಕೆಯ ಅಡಿಗೆ ತನ್ನಿ. ಡಿಫಾಲ್ಟ್ ಬದಲಿಸಬೇಡಿ. ಎಕ್ಸ್ ಬಳಸುವವರಿಗೆ ಏನೂ ಬದಲಾಗದಿದ್ದರೆ ಯೋಜನೆ ನೋಡಿಕೊಳ್ಳುವವರು ಒಪ್ಪುವುದು ಸುಲಭ. ಬಿಲ್ಡ್ ಸ್ಕ್ರಿಪ್ಟಿನ ತಿದ್ದುಪಡಿ ಒಂದು ಕಮಿಟ್, ಇಫ್‌ಡೆಫ್ ಇನ್ನೊಂದು, ಬದಲಿ ಕೋಡ್ ಮತ್ತೊಂದು, ಹೀಗೆ ಬೇರೆ ಮಾಡಿ. ಸಾಧ್ಯವಾದರೆ ಜೊತೆಗೆ ಅವರ ಸಿಐ ವ್ಯವಸ್ಥೆಗೆ (ಪ್ರತಿ ಬದಲಾವಣೆಯನ್ನೂ ತಾನಾಗಿ ಕಟ್ಟಿ ಪರೀಕ್ಷಿಸುವ ವ್ಯವಸ್ಥೆಗೆ) ಎಕ್ಸ್ ಹೆಡರ್‌ಗಳಿಲ್ಲದ ಕಂಟೇನರ್‌ನಲ್ಲಿ ಕಟ್ಟುವ ಒಂದು ಕೆಲಸವನ್ನೂ ಸೇರಿಸಿ. ಅದಿಲ್ಲದಿದ್ದರೆ ಮುಂದೆ ಯಾರಾದರೂ ಕಾವಲಿಲ್ಲದೆ ಒಂದು ಎಕ್ಸ್ ಹೆಡರ್ ಸೇರಿಸಿದಾಗ ಅವರ ಯಂತ್ರದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ತಪ್ಪು ನಿಮ್ಮ ಬಿಲ್ಡ್‌ನಲ್ಲಿ ಮಾತ್ರ ಬರುತ್ತದೆ.